ಎರೆಮಣ್ಣಿನ ಉಸಿರು

ಎರಡು ವರ್ಷಗಳ ಹಿಂದೆ, ಮಳೆಗಾಲ ಹಿಂದೆಗೆಯುತ್ತಿದ್ದ ದಿನಗಳಲ್ಲಿ, ಟಿಕೋಟಾದ ದ್ರಾಕ್ಷಿ ಬೆಳೆಗಾರರ ಸಣ್ಣದೊಂದು ಕೂಟದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳನ್ನು ಕುರಿತು ಅರ್ಧ ಗಂಟೆ ಮಾತನಾಡುವ ಸಂದರ್ಭ ನನಗೆ ಒದಗಿತ್ತು. ನಾನು ಕೃಷಿಪಂಡಿತನಲ್ಲ, ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸಿ ನಿವೃತ್ತನಾದವನು. ಆ ದಿನ ನಾನಾಡಿದ ಒಂದು ವಾಕ್ಯ ಸುಳ್ಳಾಗಿರಲಿಲ್ಲ. ಆದರೆ ಅದು ಅರ್ಧ ವಾಕ್ಯವಾಗಿತ್ತು. ಅದನ್ನು ಮನಸ್ಸಿಟ್ಟು ಕೇಳಿದ ಹಿರಿಯ ರೈತರೊಬ್ಬರು ಅದರಂತೆ ನಡೆದು ನಷ್ಟಕ್ಕೆ ಗುರಿಯಾದರು. ಉಳಿದ ಅರ್ಧವನ್ನು ಹೇಳುವ ಸಾಲ ಅಂದಿನಿಂದ ನನ್ನ ಮೇಲಿದೆ. ಅದನ್ನು ತೀರಿಸಬೇಕಾದರೆ ಮೊದಲು ಕಣ್ಣಿಗೆ ಕಾಣದ ಕೆಲವು ಜೀವಿಗಳ ವಿಚಿತ್ರವಾದ ಉಸಿರಾಟದ ಕಥೆಯನ್ನು ಹೇಳಬೇಕಾಗುತ್ತದೆ.

ವಿಜಯಪುರದಿಂದ ಪಶ್ಚಿಮಕ್ಕೆ ಟಿಕೋಟಾದ ದಾರಿ ಹಿಡಿದರೂ ಸರಿ, ದಕ್ಷಿಣಕ್ಕೆ ಸಾರವಾಡದ ಬಳಿ ಡೋಣಿಯನ್ನು ದಾಟಿ ಬಬಲೇಶ್ವರದ ಕಡೆಗೆ ಹೊರಟರೂ ಸರಿ, ಕಣ್ಣಿಗೆ ತುಂಬುವುದು ಎರೆಭೂಮಿ. ಡೋಣಿ ಬೆಳೆದರೆ ಓಣಿಗೆಲ್ಲ ಕಾಳು ಎಂಬ ಮಾತು ಈ ಮಣ್ಣನ್ನು ನಂಬಿ ಹುಟ್ಟಿದ್ದು. ಬೇಸಿಗೆಯಲ್ಲಿ ಮೊಳಕೈವರೆಗೆ ಇಳಿಯುವಷ್ಟು ಬಿರುಕು. ಎರಡು ಮಳೆ ಬಿದ್ದರೆ ಕಾಲು ಕೀಳಲಾಗದ ಅಂಟು. ದಖ್ಖನ್ನಿನ ಕಪ್ಪುಶಿಲೆ ಲಕ್ಷಾಂತರ ವರ್ಷ ಸವೆದು ಆದ ಈ ಮಣ್ಣಿನ ಮುಖ್ಯಾಂಶವನ್ನು ಖನಿಜಶಾಸ್ತ್ರಜ್ಞರು ಸ್ಮೆಕ್ಟೈಟ್ ಎಂಬ ಗುಂಪಿಗೆ ಸೇರಿಸುತ್ತಾರೆ. ಅದರ ಕಣವೊಂದನ್ನು ಬಲವಾದ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಳೆಯ ಲೆಕ್ಕದ ಪುಸ್ತಕದಂತೆ ಹಾಳೆಗಳ ಮೇಲೆ ಹಾಳೆಗಳು. ಈ ಹಾಳೆಗಳ ನಡುವೆ ನೀರು ನುಸುಳಿದಾಗ ಮಣ್ಣು ಉಬ್ಬುತ್ತದೆ, ಹೊರಟುಹೋದಾಗ ಬಿರಿಯುತ್ತದೆ. ಹಾಳೆಗಳ ಮೈಯೊಳಗೇ ಅಲ್ಲಲ್ಲಿ ಕಬ್ಬಿಣದ ಪರಮಾಣುಗಳು ಹುದುಗಿಕೊಂಡಿವೆ. ಈ ಸಂಗತಿಯನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಮುಂದೆ ಅದಕ್ಕೆ ಕೆಲಸವಿದೆ.

ನಾವು ಉಸಿರಾಡುವುದು ಏಕೆ? ಪ್ರಾಣವಾಯು ಬೇಕು ಎಂಬುದು ಮಕ್ಕಳೂ ಹೇಳುವ ಉತ್ತರ. ಅದು ಯಾವುದಕ್ಕೆ ಬೇಕು ಎಂದು ಕೇಳಿದರೆ ದೊಡ್ಡವರೂ ಸ್ವಲ್ಪ ತಡವರಿಸುತ್ತಾರೆ. ತಿಂದ ಜೋಳದ ರೊಟ್ಟಿ ಜೀವಕೋಶದೊಳಗೆ ಹಂತಹಂತವಾಗಿ ಒಡೆಯುವಾಗ ಅದರಿಂದ ಎಲೆಕ್ಟ್ರಾನುಗಳು, ಅಂದರೆ ವಿದ್ಯುತ್ತಿನ ಅತಿಸಣ್ಣ ಕಣಗಳು, ಬಿಡುಗಡೆಯಾಗುತ್ತವೆ. ಅವು ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ಕೈ ಬದಲಾಯಿಸುತ್ತ ಇಳಿಜಾರಿನಲ್ಲಿ ನೀರು ಹರಿದಂತೆ ಹರಿಯುತ್ತವೆ. ಆ ಹರಿವಿನ ರಭಸವನ್ನು ಬಳಸಿಕೊಂಡೇ ಕೋಶ ತನ್ನ ಶಕ್ತಿಯನ್ನು ಗಳಿಸುತ್ತದೆ. ಹರಿದು ಬಂದ ನೀರಿಗೆ ಕೊನೆಯಲ್ಲಿ ಹೋಗಲೊಂದು ಜಾಗ ಬೇಡವೇ? ಕೊನೆಯ ಕಟ್ಟೆ ತುಂಬಿ ನಿಂತರೆ ಮೇಲಿನ ಗಾಣವೂ ನಿಲ್ಲುತ್ತದೆ. ಎಲೆಕ್ಟ್ರಾನುಗಳನ್ನು ಕೊನೆಗೆ ಒಪ್ಪಿಕೊಳ್ಳುವ ಕೆಲಸವನ್ನು ಮಾಡುವುದು ಆಮ್ಲಜನಕ. ನಮ್ಮ ಉಸಿರಾಟವೆಲ್ಲವೂ ಈ ಒಂದು ಒಪ್ಪಿಸುವಿಕೆಗಾಗಿ. ಹಾಗೆ ನೋಡಿದರೆ ಪ್ರತಿಯೊಂದು ಜೀವಿಯೂ ಒಳಗೊಳಗೆ ವಿದ್ಯುತ್ತನ್ನು ಹರಿಸುತ್ತಲೇ ಇರುತ್ತದೆ. ಆದರೆ ಆ ಹರಿವೆಲ್ಲ ಕೋಶದ ಗೋಡೆಯೊಳಗೇ ನಡೆದು ಅಲ್ಲಿಯೇ ಮುಗಿಯುತ್ತದೆ. ನಾವು ಬಹುಕಾಲ ತಿಳಿದುಕೊಂಡಿದ್ದದ್ದು ಹೀಗೆ.

ಬಬಲೇಶ್ವರ ತಾಲೂಕಿನ ಮಮದಾಪುರದಲ್ಲಿ ಮುಹಮ್ಮದ್ ಆದಿಲಶಾಹನ ಕಾಲದಲ್ಲಿ ಕಟ್ಟಿದ ದೊಡ್ಡ ಕೆರೆಯಿದೆ. ಆ ಕೆರೆಯ ಅಂಚಿನಲ್ಲಿ ಒಂದು ಗೇಣು ಅಗೆದು ನೋಡಿ. ಮೇಲೆ ಬೆರಳಿನ ದಪ್ಪದಷ್ಟು ಕಂದು ಮಣ್ಣು. ಅದರ ಕೆಳಗೆ ಬೂದಿ ಬಣ್ಣ, ಇನ್ನೂ ಕೆಳಗೆ ಕಾಡಿಗೆಯಂಥ ಕಪ್ಪು, ಕೊಳೆತ ಮೊಟ್ಟೆಯ ನಾತ. ಮೇಲಿನ ಪದರದ ಕೆಳಗೆ ಆಮ್ಲಜನಕವೆಂಬುದೇ ಇಲ್ಲ. ಆದರೂ ಅಲ್ಲಿ ಒಂದು ಚಿಟಿಕೆ ಕೆಸರಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಗಳು ಬದುಕಿವೆ. ಅವು ತಮ್ಮ ಎಲೆಕ್ಟ್ರಾನುಗಳನ್ನು ಯಾರಿಗೆ ಒಪ್ಪಿಸುತ್ತವೆ? ನೀರಿನಲ್ಲಿ ಕರಗಿದ ನೈಟ್ರೇಟು, ಸಲ್ಫೇಟುಗಳನ್ನು ಕೆಲವು ಬಳಸಿಕೊಳ್ಳುತ್ತವೆ. ಕೊಳೆತ ಮೊಟ್ಟೆಯ ನಾತ ಈ ಸಲ್ಫೇಟು ಉಸಿರಾಡುವವರದು. ಇವು ಕರಗುವ ವಸ್ತುಗಳಾದ್ದರಿಂದ ಕೋಶದೊಳಕ್ಕೆ ಬರಬಲ್ಲವು. ಕೆಸರಿನಲ್ಲಿ ಇವೆಲ್ಲಕ್ಕಿಂತ ಧಾರಾಳವಾಗಿರುವುದು ಕಬ್ಬಿಣದ ತುಕ್ಕು. ಆದರೆ ತುಕ್ಕು ಕಲ್ಲು. ಬ್ಯಾಕ್ಟೀರಿಯಕ್ಕೆ ಬಾಯಿಲ್ಲ, ಕಲ್ಲನ್ನು ಅದು ಒಳಗೆ ಸೆಳೆದುಕೊಳ್ಳಲಾರದು. ಹೊರಗಿರುವ ಕಲ್ಲಿಗೆ ಒಳಗಿನ ಎಲೆಕ್ಟ್ರಾನನ್ನು ದಾಟಿಸುವುದು ಹೇಗೆ? ಕೋಶದ ಹೊರಪೊರೆಯೋ ಕೊಬ್ಬಿನದು. ವಿದ್ಯುತ್ತಿನ ಮಟ್ಟಿಗೆ ಅದು ತಂತಿಯ ಮೇಲಿನ ರಬ್ಬರಿನಂತೆ ತಡೆಯೊಡ್ಡುವಂಥದು.

ಈ ದಾಟಿಸುವಿಕೆಯ ಮೊದಲ ಸುಳಿವು ಸಿಕ್ಕಿದ್ದು ೧೯೧೧ರಲ್ಲಿ. ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಪಾಟರ್ ಎಂಬಾತ ಯೀಸ್ಟು ಮತ್ತು ಬ್ಯಾಕ್ಟೀರಿಯಗಳ ದ್ರಾವಣದಲ್ಲಿ ಪ್ಲಾಟಿನಮ್ ಇಳಿಬಿಟ್ಟು, ಅವು ಆಹಾರವನ್ನು ಕೊಳೆಯಿಸುತ್ತಿರುವಾಗ ವಿದ್ಯುತ್ತಿನ ಒತ್ತಡ ಹುಟ್ಟುವುದನ್ನು ಅಳೆದು ತೋರಿಸಿದ. ಜನ ಓದಿದರು, ಮರೆತರು. ಪ್ರಶ್ನೆಗೆ ಮತ್ತೆ ಜೀವ ಬಂದದ್ದು ಎಪ್ಪತ್ತೈದು ವರ್ಷಗಳ ಮೇಲೆ. ೧೯೮೭ರಲ್ಲಿ ಅಮೆರಿಕದ ಡೆರೆಕ್ ಲವ್ಲಿ ಮತ್ತು ಸಂಗಡಿಗರು ಪೊಟೋಮ್ಯಾಕ್ ನದಿಯ ಕೆಸರಿನಿಂದ ಒಂದು ಬ್ಯಾಕ್ಟೀರಿಯವನ್ನು ತೆಗೆದು, ಅದು ಆಮ್ಲಜನಕವಿಲ್ಲದೆ ತುಕ್ಕಿನಿಂದಲೇ ಉಸಿರಾಡಿ ಅದನ್ನು ಅಯಸ್ಕಾಂತದ ಅದಿರನ್ನಾಗಿ ಮಾರ್ಪಡಿಸುತ್ತದೆಂದು ವರದಿ ಮಾಡಿದರು. ಅದರ ಕುಲಕ್ಕೆ ಜಿಯೋಬ್ಯಾಕ್ಟರ್ ಎಂದು ಹೆಸರಾಯಿತು. ಭೂಮಿಯ ಕಡ್ಡಿ ಎಂದು ಅದರ ಅರ್ಥ. ಮರುವರ್ಷವೇ ಚಾರ್ಲ್ಸ್ ಮೈಯರ್ಸ್ ಮತ್ತು ಕೆನೆತ್ ನೀಲ್ಸನ್ ನ್ಯೂಯಾರ್ಕ್ ಸಂಸ್ಥಾನದ ಒನೈಡಾ ಸರೋವರದಲ್ಲಿ ಮ್ಯಾಂಗನೀಸಿನ ಅದಿರಿನಿಂದ ಉಸಿರಾಡುವ ಇನ್ನೊಂದನ್ನು ಕಂಡುಹಿಡಿದರು. ಅದನ್ನೀಗ ಶೆವನೆಲ್ಲ ಎಂದು ಕರೆಯುತ್ತಾರೆ.

ಈ ಇಬ್ಬರೂ ಕಲ್ಲಿಗೆ ಎಲೆಕ್ಟ್ರಾನನ್ನು ಮುಟ್ಟಿಸುವ ಉಪಾಯಗಳು ಬೇರೆಬೇರೆ. ಶೆವನೆಲ್ಲ ತನ್ನ ಕೊಬ್ಬಿನ ಪೊರೆಯಲ್ಲಿ ಪ್ರೋಟೀನುಗಳ ಒಂದು ಕೊಳವೆಯನ್ನು ಹಾಯಿಸಿ, ಅದರೊಳಗೆ ಎಲೆಕ್ಟ್ರಾನು ನಡೆದುಬರುವ ಮೆಟ್ಟಿಲುಗಳನ್ನು ಇಟ್ಟುಕೊಂಡಿದೆ. ಹೊರಮೈಗೆ ಬಂದ ಎಲೆಕ್ಟ್ರಾನು ತಾಗಿಕೊಂಡಿರುವ ಕಲ್ಲಿಗೆ ನೇರವಾಗಿ ಇಳಿಯುತ್ತದೆ. ಕಲ್ಲು ಸ್ವಲ್ಪ ದೂರವಿದ್ದರೆ? ಆಗ ಅದು ಫ್ಲೇವಿನ್ ಎಂಬ, ನಮ್ಮ ಬಿ೨ ಜೀವಸತ್ತ್ವದ ಬಂಧುವಾದ ಹಳದಿ ವಸ್ತುವನ್ನು ನೀರಿಗೆ ಬಿಡುತ್ತದೆ. ಕೃಷ್ಣೆಯ ಹರಿಗೋಲಿನಂತೆ ಅದು ಇತ್ತಕಡೆಯಿಂದ ಎಲೆಕ್ಟ್ರಾನುಗಳನ್ನು ಹತ್ತಿಸಿಕೊಂಡು ಹೋಗಿ ಅತ್ತ ದಡದ ಕಲ್ಲಿನ ಮೇಲೆ ಇಳಿಸಿ, ಬರಿದಾಗಿ ಹಿಂತಿರುಗುತ್ತದೆ. ಇದು ೨೦೦೮ರಲ್ಲಿ ಗೊತ್ತಾದ ಸಂಗತಿ.

ಜಿಯೋಬ್ಯಾಕ್ಟರ್ ದೋಣಿಯನ್ನು ನಂಬಿದ್ದಲ್ಲ. ಅದು ತಂತಿಯನ್ನೇ ಎಳೆಯುತ್ತದೆ. ಅದರ ಮೈಯಿಂದ ಹೊರಟ ಕೂದಲಿನಂಥ ಎಳೆಗಳು ವಿದ್ಯುತ್ತನ್ನು ಹಾಯಿಸುತ್ತವೆಂದು ೨೦೦೫ರಲ್ಲಿ ಗೆಮ್ಮಾ ರೆಗ್ವೇರಾ, ಲವ್ಲಿ ಮೊದಲಾದವರು ಪ್ರಕಟಿಸಿದಾಗ ಅನೇಕರು ಹುಬ್ಬೇರಿಸಿದರು. ಪ್ರೋಟೀನು ಎಂದರೆ ಮೊಟ್ಟೆಯ ಬಿಳಿ, ಉಗುರು, ರೇಷ್ಮೆ. ಅವು ಎಂದಾದರೂ ತಾಮ್ರದ ಕೆಲಸ ಮಾಡಿದ್ದುಂಟೆ? ಎಳೆಗಳು ಪಿಲೈ ಎಂಬ ಸಾಮಾನ್ಯ ಬ್ಯಾಕ್ಟೀರಿಯ ರೋಮಗಳೆಂದು ಅವರು ಆಗ ಭಾವಿಸಿದ್ದರು. ವಾದವಿವಾದ ಬಹುಕಾಲ ನಡೆಯಿತು. ೨೦೧೯ರಲ್ಲಿ ಯೇಲ್ ವಿಶ್ವವಿದ್ಯಾಲಯದ ನಿಖಿಲ್ ಮಲ್ವಣಕರ್, ವರ್ಜೀನಿಯದ ಎಡ್ವರ್ಡ್ ಈಗಲ್‌ಮನ್ ಮತ್ತು ಅವರ ಸಹೋದ್ಯೋಗಿಗಳು ಆ ಎಳೆಗಳನ್ನು ಹಿಮಗಟ್ಟಿಸಿ, ಎಲೆಕ್ಟ್ರಾನು ಸೂಕ್ಷ್ಮದರ್ಶಕದಲ್ಲಿ ಪರಮಾಣು ಪರಮಾಣುವಾಗಿ ನೋಡಿದರು. ಕಂಡದ್ದು ಪಿಲೈ ಅಲ್ಲ. ಒಂದೇ ಬಗೆಯ ಪ್ರೋಟೀನು ಮಣಿಗಳಂತೆ ಒಂದಕ್ಕೊಂದು ಪೋಣಿಸಿಕೊಂಡು ಎಳೆಯಾಗಿತ್ತು. ಪ್ರತಿ ಮಣಿಯೊಳಗೂ ಆರಾರು ಹೀಮ್‌ಗಳು. ಹೀಮ್ ಎಂದರೆ ನಡುವೆ ಒಂದು ಕಬ್ಬಿಣದ ಪರಮಾಣುವನ್ನು ಹಿಡಿದಿರುವ ಉಂಗುರ. ನಮ್ಮ ರಕ್ತಕ್ಕೆ ಕೆಂಪು ಬಣ್ಣ ಕೊಡುವುದೂ ಅದೇ. ಆ ಉಂಗುರಗಳು ಎಳೆಯ ಉದ್ದಕ್ಕೂ ಒಂದರ ಪಕ್ಕದಲ್ಲಿ ಒಂದು, ಎಲೆಕ್ಟ್ರಾನು ಹಾರಿ ದಾಟಬಹುದಾದಷ್ಟೇ ಅಂತರದಲ್ಲಿ, ಸಾಲುಗೊಂಡಿವೆ. ಎಳೆಯ ದಪ್ಪ ನಮ್ಮ ತಲೆಗೂದಲಿನ ಸುಮಾರು ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ಜಿಯೋಬ್ಯಾಕ್ಟರನ್ನು ಹುಲುಸಾಗಿ ಬೆಳೆಸಿ ಒಂದೆಡೆ ಸೇರಿಸಿದರೆ ಅದರ ಮುದ್ದೆ ನಸುಗೆಂಪಾಗಿ ಕಾಣುವುದಕ್ಕೂ ಈ ಹೀಮ್‌ಗಳೇ ಕಾರಣ. ಪಿಲೈಗಳೂ ವಿದ್ಯುತ್ತನ್ನು ಒಯ್ಯುತ್ತವೆಯೆಂಬ ಪಕ್ಷದವರು ಇನ್ನೂ ತಮ್ಮ ವಾದವನ್ನು ಬಿಟ್ಟಿಲ್ಲ. ವಿಜ್ಞಾನದಲ್ಲಿ ಇಂಥ ಹಟಕ್ಕೂ ಉಪಯೋಗವಿದೆ.

ತಂತಿಯ ವಿಚಾರ ಇಷ್ಟಕ್ಕೆ ನಿಂತಿದ್ದರೆ ಅದು ಕೂದಲಿನ ತುದಿಯಷ್ಟು ದೂರದ ವ್ಯವಹಾರವೆಂದು ಸುಮ್ಮನಾಗಬಹುದಾಗಿತ್ತು. ಡೆನ್ಮಾರ್ಕಿನ ಆರ್ಹೂಸ್ ಕೊಲ್ಲಿಯ ಕೆಸರನ್ನು ಪರೀಕ್ಷಿಸುತ್ತಿದ್ದ ಲಾರ್ಸ್ ಪೀಟರ್ ನೀಲ್ಸನ್ ಮತ್ತು ಅವರ ಬಳಗದವರು ೨೦೧೦ರಲ್ಲಿ ಒಂದು ವಿಚಿತ್ರವನ್ನು ಗಮನಿಸಿದರು. ಮೇಲಿನ ನೀರಿನಲ್ಲಿ ಆಮ್ಲಜನಕವನ್ನು ಹೆಚ್ಚುಕಡಿಮೆ ಮಾಡಿದರೆ, ಒಂದು ಸೆಂಟಿಮೀಟರಿಗೂ ಮಿಕ್ಕ ಆಳದಲ್ಲಿದ್ದ ನಾತದ ಗಂಧಕ ಸ್ವಲ್ಪ ಹೊತ್ತಿನಲ್ಲೇ ಹೆಚ್ಚುಕಡಿಮೆಯಾಗುತ್ತಿತ್ತು. ಯಾವ ರಾಸಾಯನಿಕವೂ ಅಷ್ಟು ಬೇಗ ಕೆಸರಿನಲ್ಲಿ ಇಳಿದುಹೋಗಲಾರದು. ಮೇಲಕ್ಕೂ ಕೆಳಕ್ಕೂ ವಿದ್ಯುತ್ ಸಂಪರ್ಕವಿರಲೇಬೇಕು. ೨೦೧೨ರಲ್ಲಿ ಸಂಪರ್ಕದ ತಂತಿ ಸಿಕ್ಕಿತು: ಸಾವಿರಾರು ಕೋಶಗಳು ತುದಿಗೆ ತುದಿ ಹೊಂದಿಕೊಂಡು ಸೆಂಟಿಮೀಟರುಗಳುದ್ದ ಬೆಳೆದ ಬ್ಯಾಕ್ಟೀರಿಯ. ಕೆಳಗಿನ ಕೋಶಗಳು ಉಣ್ಣುತ್ತವೆ, ಮೇಲಿನವು ಉಸಿರಾಡುತ್ತವೆ. ನಡುವಿನವು ಕೇಬಲ್ಲು. ಅವುಗಳಿಗೆ ಕೇಬಲ್ ಬ್ಯಾಕ್ಟೀರಿಯವೆಂದೇ ಹೆಸರು. ಒಂದು ಮನೆಯಲ್ಲಿ ಅಡುಗೆಮನೆಯವರು ಉಂಡು ಪಡಸಾಲೆಯವರು ಉಸಿರಾಡಿ ಇಬ್ಬರೂ ಬದುಕಿದಂತೆ! ಮುಂದೆ ಇವು ಸಿಹಿನೀರಿನ ಕೆಸರಿನಲ್ಲಿ, ಭತ್ತದ ಬೇರಿನ ಬಳಿಯಲ್ಲಿಯೂ ಸಿಕ್ಕಿದವು. ಭತ್ತದ ಕುಂಡಗಳಿಗೆ ಇವನ್ನು ಸೇರಿಸಿದಾಗ ಅಲ್ಲಿಂದ ಹೊರಡುವ ಮೀಥೇನ್ ಅನಿಲ ನೂರಕ್ಕೆ ತೊಂಬತ್ತರಷ್ಟು ತಗ್ಗಿತೆಂದು ೨೦೨೦ರ ಒಂದು ಪ್ರಯೋಗ ತಿಳಿಸುತ್ತದೆ.

ಇನ್ನು ಹಿಮ್ಮುಖವಾಗಿ, ಹೊರಗಿನ ಕಬ್ಬಿಣದಿಂದ ಎಲೆಕ್ಟ್ರಾನನ್ನು ಒಳಕ್ಕೆ ಸೆಳೆದುಕೊಂಡು ಬದುಕುವ ಜಾತಿಯೂ ಇದೆ. ಅದು ನಮಗೆ ದೂರದ್ದೇನೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಕೆ. ಎ. ನಟರಾಜನ್ ಅವರು ಅನೇಕ ವರ್ಷ ಕೆಲಸ ಮಾಡಿದ್ದು ಅಂಥ ಬ್ಯಾಕ್ಟೀರಿಯಗಳ ಮೇಲೆಯೇ. ಅದಿರಿನೊಳಗೆ ಸಿಕ್ಕಿಕೊಂಡ ಚಿನ್ನವನ್ನು ಅವುಗಳಿಂದ ಬಿಡಿಸುವ ವಿಧಾನವನ್ನು ನಮ್ಮ ನೆರೆಯ ರಾಯಚೂರು ಜಿಲ್ಲೆಯ ಹಟ್ಟಿಯ ಚಿನ್ನದ ಅದಿರಿನ ಮೇಲೂ ಪ್ರಯೋಗಿಸಿ ನೋಡಿದರು. ಆ ಕಥೆ ಇನ್ನೊಂದು ದಿನಕ್ಕಿರಲಿ.

ಪುಸ್ತಕದಲ್ಲಿ ಓದಿದ್ದನ್ನು ಕಣ್ಣಾರೆ ನೋಡದೆ ನಂಬಬಾರದೆಂದು ಮಕ್ಕಳಿಗೆ ಹೇಳುತ್ತ ಬಂದವನು ನಾನು. ಮಮದಾಪುರದ ಕೆರೆಯ ಕರಿಯ ಹೂಳನ್ನು ಒಂದು ಬಕೆಟ್ಟು ತುಂಬ ತಂದೆ. ಹಳೆಯ ಟಾರ್ಚಿನ ಸೆಲ್ಲುಗಳನ್ನು ಒಡೆದು ಎರಡು ಕಾರ್ಬನ್ ಕಡ್ಡಿಗಳನ್ನು ತೆಗೆದೆ. ಒಂದನ್ನು ಹೂಳಿನ ಆಳದಲ್ಲಿ ಹುಗಿದು, ಇನ್ನೊಂದನ್ನು ಮೇಲೆ ನಿಂತ ತಿಳಿನೀರಿನಲ್ಲಿ ತೇಲಿಬಿಟ್ಟು, ಎರಡಕ್ಕೂ ತಂತಿ ಕಟ್ಟಿ ಮೀಟರಿಗೆ ಜೋಡಿಸಿದೆ. ಮೊದಲ ದಿನ ಮೀಟರು ಬರೀ ಮೂವತ್ತು ನಲವತ್ತು ಮಿಲಿವೋಲ್ಟು ತೋರಿಸಿತು. ಮೂರನೆಯ ದಿನ ನೂರು ದಾಟಿತು. ಹನ್ನೆರಡನೆಯ ದಿನದ ಬೆಳಿಗ್ಗೆ ನಾನೂರ ಅರವತ್ತು. ಇದು ಬ್ಯಾಕ್ಟೀರಿಯದ್ದೇ ಕೆಲಸವೆಂದು ಹೇಗೆ ಹೇಳುವುದು? ಅದೇ ಹೂಳಿನ ಇನ್ನೊಂದು ಪಾಲನ್ನು ಕುಕ್ಕರಿನಲ್ಲಿಟ್ಟು ಚೆನ್ನಾಗಿ ಬೇಯಿಸಿ, ಆರಿಸಿ, ಇನ್ನೊಂದು ಡಬ್ಬಿಯಲ್ಲಿ ಅದೇ ರೀತಿ ಹೂಡಿದೆ. ಆ ಡಬ್ಬಿ ಎರಡು ವಾರವೂ ಮೊದಲ ದಿನದ ಅಂಕಿಯ ಆಸುಪಾಸಿನಲ್ಲೇ ಉಳಿಯಿತು. ಆ ಕುಕ್ಕರು ಮತ್ತೆ ಅಡುಗೆಮನೆಯನ್ನು ಸೇರಲಿಲ್ಲ. ಹೊಸದನ್ನು ತಂದುಕೊಟ್ಟ ಮೇಲೆಯೇ ಮನೆಯಲ್ಲಿ ನನಗೆ ಚಹ ಸಿಕ್ಕಿತೆಂಬುದನ್ನು ಪ್ರಯೋಗದ ಖರ್ಚಿನಲ್ಲಿ ಸೇರಿಸಬೇಕು.

ನಡೆಯುತ್ತಿದ್ದದ್ದು ಇಷ್ಟೆ. ಹೂಳಿನ ಬ್ಯಾಕ್ಟೀರಿಯಗಳಿಗೆ ತುಕ್ಕಿನ ಕಣವೂ ಒಂದೇ, ಸೆಲ್ಲಿನ ಕಡ್ಡಿಯೂ ಒಂದೇ. ಎಲೆಕ್ಟ್ರಾನನ್ನು ಇಳಿಸಲು ಜಾಗ ಸಿಕ್ಕರಾಯಿತು. ಅವು ಕಡ್ಡಿಯ ಮೈಗೆ ಪಾಚಿಯಂತೆ ಅಂಟಿಕೊಂಡು ತಮ್ಮ ಎಲೆಕ್ಟ್ರಾನುಗಳನ್ನು ಅದಕ್ಕೆ ಒಪ್ಪಿಸುತ್ತವೆ. ಎರಡು ಕಡ್ಡಿಗಳನ್ನು ತಂತಿಯಿಂದ ಕೂಡಿಸಿದರೆ ಅವು ಮೇಲಕ್ಕೆ ಹರಿದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಸೇರುತ್ತವೆ. ಗಾಳಿಯಿಲ್ಲದ ಕತ್ತಲೆಯಲ್ಲಿ ಕುಳಿತ ಜೀವಿ, ನಮ್ಮ ತಂತಿಯ ಮೂಲಕ, ಮೇಲಿನ ಗಾಳಿಯನ್ನೇ ಉಸಿರಾಡಿದಂತಾಯಿತು.

ಇದನ್ನು ಕೇಳಿದವರೆಲ್ಲ ಮೊದಲು ಕೇಳುವ ಪ್ರಶ್ನೆ, ಇದರಿಂದ ದೀಪ ಹತ್ತುತ್ತದೆಯೇ ಎಂದು. ಕೆರೆಯ ಹೂಳಿನಿಂದ ಊರಿಗೆ ಬೆಳಕು ಎಂಬ ಉತ್ಸಾಹದ ಮಾತುಗಳು ಆಗಾಗ ಪತ್ರಿಕೆಗಳಲ್ಲಿ ಬರುವುದರಿಂದ ಲೆಕ್ಕವನ್ನು ಹೇಳಿಬಿಡುವುದು ಒಳ್ಳೆಯದು. ಕೆಸರಿನ ಇಂಥ ಕೋಶಗಳು ಒಂದು ಚದರ ಮೀಟರು ಕಾರ್ಬನ್ನಿಗೆ ಸಾಮಾನ್ಯವಾಗಿ ಕೊಡುವುದು ಕೆಲವು ಹತ್ತು ಮಿಲಿವಾಟ್ ಮಾತ್ರ. ಇಪ್ಪತ್ತು ಎಂದಿಟ್ಟುಕೊಳ್ಳೋಣ. ಒಂಬತ್ತು ವಾಟಿನ ಒಂದು ಎಲ್‌ಇಡಿ ಬಲ್ಬಿಗೆ ನಾನೂರ ಐವತ್ತು ಚದರ ಮೀಟರು, ಅಂದರೆ ಸುಮಾರು ನಾಲ್ಕೂವರೆ ಗುಂಟೆಯಷ್ಟು ಕೆಸರಿಗೆ ಕಾರ್ಬನ್ ಹಾಸಬೇಕು! ನಮ್ಮ ಜಿಲ್ಲೆಯ ಕೂಡಗಿಯ ಉಷ್ಣಸ್ಥಾವರದ ಸಾಮರ್ಥ್ಯ ೨೪೦೦ ಮೆಗಾವಾಟ್. ಅದರ ಕೆಲಸವನ್ನು ಮಮದಾಪುರದ ಕೆರೆಗೆ ವಹಿಸುವ ಆಸೆ ಬೇಡ. ಮನುಷ್ಯರು ಬ್ಯಾಟರಿ ಬದಲಿಸಲು ಹೋಗಲಾರದ ಸಮುದ್ರತಳದಲ್ಲಿ ಸಣ್ಣ ಮಾಪಕಗಳನ್ನು ನಡೆಸಲು ಇದು ಸಾಕಾಗುತ್ತದೆ, ಹಾಗೆ ನಡೆಸಿಯೂ ಇದ್ದಾರೆ. ನನ್ನ ದೃಷ್ಟಿಯಲ್ಲಿ ಈ ಬ್ಯಾಕ್ಟೀರಿಯಗಳ ಮಹತ್ತ್ವವಿರುವುದು ಅವು ನಮಗೆ ಕೊಡುವ ವಿದ್ಯುತ್ತಿನಲ್ಲಲ್ಲ. ಆ ವಿದ್ಯುತ್ತಿನಿಂದ ಅವು ಮಣ್ಣಿಗೆ ಏನು ಮಾಡುತ್ತವೆಂಬುದರಲ್ಲಿ. ಸೆಗಣಿ ಅನಿಲದ ತೊಟ್ಟಿಯಲ್ಲಿಯೂ ಕೆಲವು ಬ್ಯಾಕ್ಟೀರಿಯಗಳು ತಮ್ಮ ಎಲೆಕ್ಟ್ರಾನುಗಳನ್ನು ಮೀಥೇನ್ ತಯಾರಿಸುವ ನೆರೆಯವರಿಗೆ ನೇರವಾಗಿ ದಾಟಿಸಬಲ್ಲವು. ಹಾಗಾಗಿ ಅಂಥ ತೊಟ್ಟಿಗಳಲ್ಲಿ ಸ್ವಲ್ಪ ಇದ್ದಿಲ ಪುಡಿ ಸೇರಿಸಿದರೆ ಅನಿಲ ಬೇಗ ಹುಟ್ಟುವುದನ್ನು ಅನೇಕರು ಕಂಡಿದ್ದಾರೆ. ಇದ್ದಿಲು ಅವರಿಬ್ಬರ ನಡುವಿನ ತಂತಿಯಾಗುತ್ತದೆ.

ಈಗ ಎರೆಮಣ್ಣಿನ ಹಾಳೆಗಳ ವಿಚಾರಕ್ಕೆ ಬರೋಣ. ೧೯೯೬ರಲ್ಲಿ ಜೋಯೆಲ್ ಕೋಸ್ಟ್ಕಾ ಮೊದಲಾದವರು ಶೆವನೆಲ್ಲ ಬ್ಯಾಕ್ಟೀರಿಯಕ್ಕೆ ಸ್ಮೆಕ್ಟೈಟನ್ನು ಒಡ್ಡಿದಾಗ, ಹಾಳೆಯ ಮೈಯೊಳಗೆ ಬಂಧಿತವಾಗಿದ್ದ ಕಬ್ಬಿಣಕ್ಕೂ ಅದು ಎಲೆಕ್ಟ್ರಾನನ್ನು ದಾಟಿಸಿತು. ಹಾಗೆ ಎಲೆಕ್ಟ್ರಾನು ಪಡೆದ ಹಾಳೆಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ನಡುವೆ ನೀರಿಗೆ ಜಾಗ ಕಡಿಮೆಯಾಗಿ ಮಣ್ಣು ಮೊದಲಿನಷ್ಟು ಉಬ್ಬುವುದಿಲ್ಲ. ೨೦೦೪ರಲ್ಲಿ ಇದಕ್ಕಿಂತ ಬೆರಗುಗೊಳಿಸುವ ಸಂಗತಿ ಹೊರಬಿತ್ತು. ಸ್ಮೆಕ್ಟೈಟು ಇಲ್ಲೈಟ್ ಎಂಬ ಬೇರೆ ಖನಿಜವಾಗಿ ಮಾರ್ಪಡಬೇಕಾದರೆ ಮುನ್ನೂರು ಡಿಗ್ರಿಗೂ ಮೀರಿದ ಶಾಖ, ಅಗಾಧ ಒತ್ತಡ, ನಾಲ್ಕೈದು ತಿಂಗಳ ಕಾಲ ಬೇಕೆಂದು ಪ್ರಯೋಗಶಾಲೆಗಳಲ್ಲಿ ನಂಬಿದ್ದರು. ಅದೇ ಶೆವನೆಲ್ಲ ಅದನ್ನು ಸಾಮಾನ್ಯ ಕೋಣೆಯ ಶಾಖದಲ್ಲಿ ಹದಿನಾಲ್ಕು ದಿನಗಳಲ್ಲಿ ಮಾಡಿ ತೋರಿಸಿತು. ಭೂಗರ್ಭದ ಕುಲುಮೆಯ ಕೆಲಸವನ್ನು ಒಂದು ಕಣ್ಣಿಗೆ ಕಾಣದ ಜೀವಿ ತಣ್ಣಗೆ ಕುಳಿತು ಮಾಡಿತೆಂದಾಯಿತು. ಕಲ್ಲು ಜಡ, ಜೀವ ಚೇತನ ಎಂದು ನಾವು ಎಳೆದಿರುವ ಗೆರೆ ಈ ಕೆಸರಿನಲ್ಲಿ ಎಲ್ಲಿದೆಯೋ ಹುಡುಕಬೇಕು.

ಟಿಕೋಟಾದ ಕೂಟದಲ್ಲಿ ನಾನು ಇದೇ ಹುಮ್ಮಸ್ಸಿನಲ್ಲಿದ್ದೆ. ದ್ರಾಕ್ಷಿಯ ಎಳೆ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಮಿಕ್ಕ ಭಾಗವೆಲ್ಲ ಹಳದಿಯಾಗುವ ರೋಗವನ್ನು ಅಲ್ಲಿದ್ದವರೆಲ್ಲ ಕಂಡಿದ್ದರು. ಅದು ಕಬ್ಬಿಣದ ಕೊರತೆ. ಆದರೆ ಮಣ್ಣಿನಲ್ಲಿ ಕಬ್ಬಿಣಕ್ಕೇನು ಕೊರತೆ? ಸುಣ್ಣಕಲ್ಲು ಬೆರೆತ ಈ ಮಣ್ಣಿನ ಕ್ಷಾರಗುಣದಿಂದ ಕಬ್ಬಿಣ ತುಕ್ಕಾಗಿ ಬಿಗಿದುಕೊಂಡಿದೆ. ಕ್ಷಾರ ಒಂದು ಅಂಶ ಏರಿದರೆ ಅದು ಕರಗುವ ಪ್ರಮಾಣ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ಕಣಜದ ತುಂಬ ಕಾಳಿದ್ದು ಬೀಗದ ಕೈ ಕಳೆದುಕೊಂಡ ಮನೆಯಂತೆ ಬಳ್ಳಿ ಉಪವಾಸ ಬೀಳುತ್ತದೆ. ಇದನ್ನು ವಿವರಿಸಿ ನಾನು ಹೇಳಿದೆ: ಮಣ್ಣು ನೆನೆದು ಗಾಳಿಯಾಡದಂತಾದರೆ, ಈ ಬ್ಯಾಕ್ಟೀರಿಯಗಳು ತುಕ್ಕಿಗೆ ಎಲೆಕ್ಟ್ರಾನನ್ನು ಕೊಟ್ಟು ಕಬ್ಬಿಣವನ್ನು ಕರಗಿಸುತ್ತವೆ. ಇಷ್ಟು ಹೇಳಿ ಶಾಲು ಹೊದೆಸಿಕೊಂಡು ಬಂದೆ.

ಆ ವರ್ಷ ಅಕ್ಟೋಬರದ ಚಾಟ್ನಿಯ ನಂತರ ಕೂಟದಲ್ಲಿದ್ದ ಹಿರಿಯರೊಬ್ಬರ ಪಡದಲ್ಲಿ ಚಿಗುರು ಹಳದಿಯಾಗತೊಡಗಿತು. ಅವರು ನನ್ನ ಮಾತನ್ನು ನೆನೆದು, ಹನಿ ನೀರಾವರಿಯನ್ನು ಬದಿಗಿಟ್ಟು, ಅರ್ಧ ಎಕರೆಯ ಸಾಲುಗಳ ನಡುವೆ ನೀರು ಕಟ್ಟಿ ನಿಲ್ಲಿಸಿದರು. ಮೂರು ವಾರದಲ್ಲಿ ಹಳದಿ ಬಿಳಿಚಿಕೊಂಡಿತು, ಎಲೆಯಂಚು ಸುಟ್ಟಿತು. ಆ ಅರ್ಧ ಎಕರೆಯಲ್ಲಿ ಗೊನೆಗಳು ಸರಿಯಾಗಿ ತುಂಬಲಿಲ್ಲ. ಉಳಿದ ಎಕರೆಗಳಿಗೆ ಅವರು ನೀರು ನಿಲ್ಲಿಸಿರಲಿಲ್ಲ. ನನ್ನ ಮಾತನ್ನು ಅರ್ಧ ಎಕರೆಯಷ್ಟೇ ನಂಬಿದ್ದರಲ್ಲ ಎಂಬುದೊಂದೇ ನನಗೆ ಉಳಿದ ಸಮಾಧಾನ. ಅವರು ಬೈಯಲು ಬರಲಿಲ್ಲ. ಸಂಕ್ರಾಂತಿಯ ಮರುದಿನ ವಿಜಯಪುರದ ನಮ್ಮ ಮನೆಗೆ ಬಂದು, ಒಂದು ಪುಡಿಕೆ ಒಣದ್ರಾಕ್ಷಿಯನ್ನು ಮುಂದಿಟ್ಟು ಕುಳಿತರು.

"ಮಾಸ್ತರ, ನೀವು ಹೇಳಿದ್ದು ಸುಳ್ಳೇನ್ರಿ?"

"ಸುಳ್ಳಲ್ಲ ಗೌಡರ. ಅರ್ಧಾ ಹೇಳಿದ್ದೆ."

"ಹಂಗಾರ ಉಳಿದ ಅರ್ಧಾ ಯಾವಾಗ ಹೇಳಾವ್ರು?"

ಮರುದಿನ ಅವರೊಡನೆ ಪಡಕ್ಕೆ ಹೋದೆ. ನೀರು ನಿಂತ ಸಾಲಿನಲ್ಲಿ ಮೊಳದುದ್ದ ಅಗೆಸಿದಾಗ ಒಳಗಿನ ಮಣ್ಣಿಗೆ ನೀಲಿ ಬೆರೆತ ಬೂದುಬಣ್ಣ ತಿರುಗಿತ್ತು. ಹೆಂಟೆಯನ್ನು ಮುರಿದು ಬಿಸಿಲಿಗೆ ಹಿಡಿದರೆ ಸ್ವಲ್ಪ ಹೊತ್ತಿನಲ್ಲಿ ಅದರ ಅಂಚು ಕಂದಾಗತೊಡಗಿತು. ಬ್ಯಾಕ್ಟೀರಿಯಗಳು ನಾನು ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿದ್ದವು. ಅಲ್ಲಿ ಕರಗಿದ ಕಬ್ಬಿಣ ಬೇಕಾದಷ್ಟಿತ್ತು. ಅದರ ನಡುವೆ ಬಳ್ಳಿ ಹಸಿದು ನಿಂತಿತ್ತು.

ನಾನು ಬಿಟ್ಟಿದ್ದ ಅರ್ಧವೆಂದರೆ ಬಳ್ಳಿಯ ಬೇರು. ದ್ರಾಕ್ಷಿಯ ಬೇರು ಕೂಡ ಜಿಯೋಬ್ಯಾಕ್ಟರಿನ ವಿದ್ಯೆಯನ್ನೇ ಬಲ್ಲದು. ಅದು ಮೊದಲು ಸುತ್ತಲಿನ ಮಣ್ಣಿಗೆ ಸ್ವಲ್ಪ ಹುಳಿಯನ್ನು ಬಿಡುತ್ತದೆ. ಆಮೇಲೆ ತನ್ನ ಹೊರಪೊರೆಯಲ್ಲಿರುವ ಒಂದು ಕಿಣ್ವದ ಮೂಲಕ ಒಳಗಿನ ಎಲೆಕ್ಟ್ರಾನನ್ನು ಹೊರಗಿನ ಕಬ್ಬಿಣಕ್ಕೆ ದಾಟಿಸಿ, ಅದನ್ನು ಹೀರಬಲ್ಲ ರೂಪಕ್ಕೆ ತಂದು ಒಳಗೆ ಸೆಳೆದುಕೊಳ್ಳುತ್ತದೆ. ಬ್ಯಾಕ್ಟೀರಿಯಕ್ಕೆ ಅದು ಉಸಿರು, ಬೇರಿಗೆ ಅದು ಊಟ. ಆದರೆ ಬ್ಯಾಕ್ಟೀರಿಯ ಈ ಕೆಲಸ ಮಾಡಲು ಗಾಳಿ ಇರಕೂಡದು. ಬೇರು ಮಾಡಲು ಗಾಳಿ ಇರಲೇಬೇಕು. ಅಷ್ಟೇ ಅಲ್ಲ. ನೀರು ನಿಂತ ಸುಣ್ಣದ ಮಣ್ಣಿನಲ್ಲಿ ಜೀವಿಗಳು ಬಿಟ್ಟ ಇಂಗಾಲಾಮ್ಲ ಹೊರಹೋಗಲಾರದೆ ಸುಣ್ಣದೊಡನೆ ಕೂಡಿ ಬೈಕಾರ್ಬೊನೇಟಾಗುತ್ತದೆ. ಬೇರು ಬಿಟ್ಟ ಹುಳಿಯನ್ನೆಲ್ಲ ಅದು ನುಂಗಿಬಿಡುತ್ತದೆ. ಬೇರಿನ ಕಿಣ್ವ ಕೈಕಟ್ಟಿ ಕುಳಿತುಕೊಳ್ಳುತ್ತದೆ. ಉಸಿರುಗಟ್ಟಿದ ಬೇರು ಪಕ್ಕದಲ್ಲೇ ಕರಗಿರುವ ಕಬ್ಬಿಣವನ್ನೂ ಎತ್ತಿಕೊಳ್ಳಲಾರದು. ಭತ್ತಕ್ಕಾದರೆ ಎಲೆಯಿಂದ ಬೇರಿಗೆ ಗಾಳಿಯನ್ನು ಇಳಿಸುವ ಕೊಳವೆಗಳಿವೆ. ದ್ರಾಕ್ಷಿಗೆ ಅಂಥ ಅನುಕೂಲವಿಲ್ಲ. ಈ ಪಾಠ ಪಠ್ಯಪುಸ್ತಕಗಳಲ್ಲಿ ಬಹಳ ಹಿಂದೆಯೇ ಸೇರಿದ್ದು. ಬ್ಯಾಕ್ಟೀರಿಯದ ತಂತಿಯ ಬೆರಗಿನಲ್ಲಿ ನಾನು ಅದನ್ನು ಮರೆತಿದ್ದೆ.

ಗೌಡರು ನೀರನ್ನು ಬಸಿದು, ಬದುಗಾಲುವೆ ತೆಗೆಸಿ, ಸಾಲಿನ ಮಣ್ಣನ್ನು ಸಡಿಲಿಸಿದರು. ತಿಳಿದವರ ಸಲಹೆಯಂತೆ ತೆಳುವಾಗಿ ಕರಗಿಸಿದ ಅನ್ನಭೇದಿಯನ್ನು ಎಲೆಗಳ ಮೇಲೆ ಎರಡು ಮೂರು ಸಲ ಸಿಂಪಡಿಸಿದರು. ಅನ್ನಭೇದಿಯೆಂದರೆ ಮತ್ತೇನಲ್ಲ, ಎಲೆಕ್ಟ್ರಾನನ್ನು ಆಗಲೇ ಪಡೆದುಕೊಂಡಿರುವ ಕಬ್ಬಿಣ. ಬೇರಿನ ಬಾಗಿಲು ಮುಚ್ಚಿದ್ದರೆ ಎಲೆಯ ಕಿಟಕಿಯಿಂದ ಕೊಡುವ ಉಪಾಯ. ಮುಂದಿನ ಚಾಟ್ನಿಯ ಹೊತ್ತಿಗೆ ಆ ಅರ್ಧ ಎಕರೆಯ ಚಿಗುರು ಉಳಿದವುಗಳಿಗಿಂತ ಸ್ವಲ್ಪ ಬಿಳುಪಾಗಿದ್ದರೂ ಹಸಿರು ಹಿಡಿದಿತ್ತು. ಹೋದ ವರ್ಷದ ಬೆಳೆ ಮಾತ್ರ ಹಿಂದಿರುಗಿ ಬರಲಿಲ್ಲ. ಅದರ ಲೆಕ್ಕವನ್ನು ಅವರು ನನಗೆ ಹೇಳಲೂ ಇಲ್ಲ, ನಾನು ಕೇಳುವ ಧೈರ್ಯ ಮಾಡಲೂ ಇಲ್ಲ.

ಮಮದಾಪುರದ ಹೂಳಿನ ಬಕೆಟ್ಟು ಈಗ ನಮ್ಮ ಮನೆಯಲ್ಲಿಲ್ಲ. ಗೌಡರ ಮೊಮ್ಮಗಳು ಎಂಟನೆಯ ಇಯತ್ತೆಯಲ್ಲಿ ಓದುತ್ತಾಳೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಅವರೇ ಬಂದು ಮೀಟರಿನ ಸಮೇತ ಟಿಕೋಟಾಕ್ಕೆ ಒಯ್ದರು. ಪ್ರದರ್ಶನ ಮುಗಿದು ತಿಂಗಳುಗಳಾದರೂ ಹಿಂತಿರುಗಿಸಿಲ್ಲ. ಮೊನ್ನೆ ಫೋನು ಮಾಡಿದಾಗ ಹುಡುಗಿ ಕೇಳಿದಳು: "ಅಜ್ಜಾರ, ನಾಕನೂರ ಎಂಬತ್ತಕ್ಕ ಬಂದು ನಿಂತೈತ್ರಿ. ಒಂದೀಟ ಬೆಲ್ಲ ಹಾಕಿದ್ರ ಏರತದೇನ್ರಿ?" ಹಾಕಿ ನೋಡು, ಆದರೆ ಬೆಲ್ಲ ಹಾಕದ ಇನ್ನೊಂದು ಬಕೆಟ್ಟನ್ನೂ ಪಕ್ಕದಲ್ಲಿಟ್ಟುಕೋ ಎಂದೆ.